ಹಾದಿ ಕೂಡಿಸು, ಹೊತ್ತು ಕೂಡಿಸು

ನನ್ನ ಕೈಯಲ್ಲಿ ಕಲಿತವರಿಗೆಲ್ಲ ನೆನಪಿರುವ ಲೆಕ್ಕವೊಂದಿದೆ. ಲಕ್ಷ್ಮೇಶ್ವರದಲ್ಲಿ ಕಲಿತವರಿಗೂ, ಆಮೇಲೆ ಮುಂಡರಗಿಯಲ್ಲಿ ಕಲಿತವರಿಗೂ ಅದು ಒಂದೇ. ಸಂತೆಯಲ್ಲಿಯೋ ಮದುವೆಯ ಮಂಟಪದಲ್ಲಿಯೋ ಭೇಟಿಯಾದಾಗ ಇಂದಿಗೂ ಕೆಲವರು, "ಸರ್, ಆ ಗದಗಿನ ಬಸ್ಸು ಇನ್ನೂ ಮುಟ್ಟಿಲ್ಲೇನ್ರಿ?" ಎಂದು ಕೇಳಿ ನಗುತ್ತಾರೆ. ಆ ಬಸ್ಸಿನ ವಿಷಯವನ್ನೇ ಇಂದು ಬರೆಯಬೇಕೆಂದಿದ್ದೇನೆ. ಅದರ ಜೊತೆಗೆ, ತರಗತಿಯಲ್ಲಿ ಎಂದೂ ಹೇಳದಿದ್ದ, ನಮ್ಮ ಮನೆತನದ ಹಿರಿಯರಿಗಷ್ಟೇ ಗೊತ್ತಿರುವ ಒಂದು ರಾತ್ರಿಯ ಪ್ರಯಾಣವನ್ನೂ ಬರೆಯುತ್ತೇನೆ. ಅದರಲ್ಲಿ ಪಾಲುಗೊಂಡಿದ್ದ ಹಿರಿಯರು ಈಗ ಇಲ್ಲ. ಆದ್ದರಿಂದ ಬರೆಯಲು ಅಡ್ಡಿಯಿಲ್ಲವೆಂದು ಭಾವಿಸಿದ್ದೇನೆ.

ಮೊದಲು ಲೆಕ್ಕ. ಪಠ್ಯಪುಸ್ತಕಗಳಲ್ಲಿ ಕಾಲ, ದೂರ, ವೇಗಗಳ ಪಾಠಕ್ಕೆ ಬಂದಾಗ ಯಾವಾಗಲೂ ಯಾರೋ ಒಬ್ಬ ಮನುಷ್ಯ 'ಅ' ಎಂಬ ಊರಿನಿಂದ 'ಬ' ಎಂಬ ಊರಿಗೆ ಹೋಗುತ್ತಿರುತ್ತಾನೆ. ಆ ಊರುಗಳನ್ನು ನಮ್ಮ ಮಕ್ಕಳು ಕಂಡವರಲ್ಲ. ನಾನು 'ಅ' ಅಳಿಸಿ ಗದಗ ಎಂದೂ, 'ಬ' ಅಳಿಸಿ ಲಕ್ಷ್ಮೇಶ್ವರ ಎಂದೂ ಬರೆಯುತ್ತಿದ್ದೆ. ಮುಂಡರಗಿಗೆ ವರ್ಗವಾದ ಮೇಲೆ 'ಬ' ಮುಂಡರಗಿಯಾಯಿತು. ಎರಡೂ ಊರುಗಳು ಗದಗಿನಿಂದ ಹೆಚ್ಚುಕಡಿಮೆ 40 ಕಿ.ಮೀ. ದೂರದಲ್ಲಿರುವುದು ಗಣಿತದ ಮಾಸ್ತರನಾದ ನನಗೆ ಒಂದು ಅನುಕೂಲವೇ ಆಗಿತ್ತು. ಬಸ್ಸಿಗೆ ಬೇರೆ ಲೆಕ್ಕ ಹುಡುಕಬೇಕಾಗಿ ಬರಲಿಲ್ಲ.

ಬಸ್ಸು ಗದಗಿನಿಂದ ಹೋಗುವಾಗ ತಾಸಿಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಮರಳಿ ಬರುವಾಗ ಅದೇ ಹಾದಿಯಲ್ಲಿ ತಾಸಿಗೆ 20 ಕಿ.ಮೀ. ವೇಗದಲ್ಲಿ ಬರುತ್ತದೆ. ಹೋಗಿ ಬಂದ ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು?

ಪ್ರತಿ ವರ್ಷವೂ ಇಡೀ ತರಗತಿ ಒಂದೇ ದನಿಯಲ್ಲಿ "ಮೂವತ್ತು" ಎನ್ನುತ್ತಿತ್ತು. ನಲವತ್ತು, ಇಪ್ಪತ್ತು ಕೂಡಿಸಿ ಎರಡರಿಂದ ಭಾಗಿಸಿದರೆ ಮೂವತ್ತಲ್ಲದೆ ಮತ್ತೇನು? ನಾನು ಆ ಉತ್ತರವನ್ನು ಫಲಕದ ಮೇಲೆ ಬರೆದು ಸುಮ್ಮನೆ ನಿಲ್ಲುತ್ತಿದ್ದೆ. ಮಾಸ್ತರು ಸುಮ್ಮನೆ ನಿಂತರೆಂದರೆ ಉತ್ತರ ತಪ್ಪೆಂದು ಮಕ್ಕಳಿಗೆ ತಿಳಿದುಹೋಗುತ್ತದೆ. ಆಮೇಲೆ ಕೇಳುತ್ತಿದ್ದೆ: "ಹೋಗಲಿಕ್ಕೆ ಎಷ್ಟು ತಾಸು ಹಿಡಿಯಿತು?" ಒಂದು. "ಬರಲಿಕ್ಕೆ?" ಎರಡು. "ಒಟ್ಟು ಎಷ್ಟು ದೂರ?" 80 ಕಿ.ಮೀ. "80 ಕಿ.ಮೀ. ದೂರವನ್ನು ಮೂರು ತಾಸಿನಲ್ಲಿ ಕ್ರಮಿಸಿದ ಬಸ್ಸಿನ ವೇಗ ತಾಸಿಗೆ ಮೂವತ್ತು ಹೇಗಾದೀತು? ಮೂವತ್ತಾಗಿದ್ದರೆ 90 ಕಿ.ಮೀ. ಆಗಬೇಕಿತ್ತಲ್ಲ?" 80ನ್ನು 3ರಿಂದ ಭಾಗಿಸಿದರೆ 26 ಚಿಲ್ಲರೆ ಬರುತ್ತದೆ. ಆ ಚಿಲ್ಲರೆಯನ್ನು ಕಂಡು ಮುಖ ಸಿಂಡರಿಸಿಕೊಳ್ಳುತ್ತಿದ್ದವರೂ ಇದ್ದರು. ಮಕ್ಕಳಿಗೆ ಪೂರ್ಣಾಂಕ ಬಂದರೆ ಮಾತ್ರ ಉತ್ತರ ಸರಿ ಎಂಬ ನಂಬಿಕೆ ಬಲವಾಗಿರುತ್ತದೆ.

ಉತ್ತರ ಒಪ್ಪಿದರೂ ಮನಸ್ಸು ಒಪ್ಪುತ್ತಿರಲಿಲ್ಲ. ಅದಕ್ಕೆ ಸಂತೆಯ ಲೆಕ್ಕವನ್ನು ತರುತ್ತಿದ್ದೆ. ಅವ್ವ ನೂರು ರೂಪಾಯಿ ಕೊಟ್ಟು ಕಿಲೋಗೆ 10 ರೂಪಾಯಿಯ ಜೋಳ ತಂದಳು. ಮರುವಾರ ಇನ್ನೂ ನೂರು ಕೊಟ್ಟು ಕಿಲೋಗೆ 20 ರೂಪಾಯಿಯ ಜೋಳ ತಂದಳು. ಸರಾಸರಿ ದರ ಎಷ್ಟು ಬಿತ್ತು? ಈ ಪ್ರಶ್ನೆಗೆ ಯಾರೂ "ಹದಿನೈದು" ಎನ್ನುತ್ತಿರಲಿಲ್ಲ. ಸಂತೆಗೆ ಹೋಗಿಬರುವ ಮಕ್ಕಳು, ಅಗ್ಗವಾದದ್ದು ಚೀಲದಲ್ಲಿ ಹೆಚ್ಚು ಬಂದಿದೆಯೆಂದು ಕೂಡಲೇ ಕಾಣುತ್ತಿದ್ದರು. ಮೊದಲನೆಯದು 10 ಕಿಲೋ, ಎರಡನೆಯದು 5 ಕಿಲೋ. 200 ರೂಪಾಯಿಗೆ 15 ಕಿಲೋ. ದರ 13 ರೂಪಾಯಿ ಚಿಲ್ಲರೆ. ಹಾದಿಯೂ ಹಾಗೆಯೇ. ದೂರವೆಂಬುದು ನಾವು ಕೊಡುವ ಹಣ, ಚೀಲದಲ್ಲಿ ಬೀಳುವುದು ಹೊತ್ತು. ನಿಧಾನವಾಗಿ ಸಾಗಿದ ಹಾದಿಯಲ್ಲಿ ಹೊತ್ತು ಹೆಚ್ಚು ಬೀಳುತ್ತದೆ. ಆದ್ದರಿಂದ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಯಾವಾಗಲೂ ನಿಧಾನದ ಭಾಗವೇ. ಸಮಾನ ದೂರಗಳಿದ್ದಾಗ ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಬೇಕೆಂಬ ಸೂತ್ರವನ್ನು ಆಮೇಲೆ ಹೇಳುತ್ತಿದ್ದೆ. ಸೂತ್ರವನ್ನು ಮೊದಲು ಹೇಳಿದರೆ ಮಕ್ಕಳು ವಿಚಾರ ಮಾಡುವುದನ್ನು ನಿಲ್ಲಿಸಿಬಿಡುತ್ತಾರೆ.

ಇಂಥ ಲೆಕ್ಕಗಳು ನಮ್ಮ ನಾಡಿಗೆ ಹೊಸವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದೇ ಕಾಲದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆ, ಎಂದರೆ ನಮ್ಮ ಲಕ್ಷ್ಮೇಶ್ವರ, ಒಂದು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಒಂದು ಹಾವಿನ ಲೆಕ್ಕವಿದೆ. ಮಕ್ಕಳು ಅದನ್ನು ಬಹಳ ಮೆಚ್ಚುತ್ತಿದ್ದರು. ಎಂಬತ್ತು ಅಂಗುಲ ಉದ್ದದ ಕರಿನಾಗರವೊಂದು ಬಿಲವನ್ನು ಹೊಗುತ್ತಿದೆ. ದಿನದ ಹದಿನಾಲ್ಕರಲ್ಲಿ ಐದು ಭಾಗದಷ್ಟು ಹೊತ್ತಿನಲ್ಲಿ ಅದು ಏಳೂವರೆ ಅಂಗುಲ ಒಳಗೆ ಸರಿಯುತ್ತದೆ. ಆದರೆ ಪ್ರತಿ ಕಾಲು ದಿನಕ್ಕೆ ಅದರ ಬಾಲ ಎರಡೂಮುಕ್ಕಾಲು ಅಂಗುಲ ಬೆಳೆಯುತ್ತಲೂ ಇದೆ! ಪೂರ್ತಿ ಒಳಗೆ ಹೋಗಲು ಎಷ್ಟು ದಿನ ಬೇಕು? ಲೆಕ್ಕ ಮಾಡಿದರೆ ದಿನಕ್ಕೆ 21 ಅಂಗುಲ ಒಳಗೆ ಹೋಗುತ್ತದೆ, 11 ಅಂಗುಲ ಬೆಳೆಯುತ್ತದೆ. ಉಳಿಯುವ ಗತಿ 10 ಅಂಗುಲ. ಆದ್ದರಿಂದ ಎಂಟು ದಿನ. ಒಳಗೆ ಹೋಗುವ ವೇಗವೊಂದನ್ನೇ ನೋಡಿದವನು ನಾಲ್ಕು ದಿನದೊಳಗೆ ಹಾವು ಮರೆಯಾಗುತ್ತದೆಂದು ಹೇಳಿ ಮೋಸಹೋಗುತ್ತಾನೆ. ನಮ್ಮ ಕಡೆಯ ಪ್ರಯಾಣಗಳಿಗೂ ಹೀಗೆ ಬೆಳೆಯುವ ಬಾಲವೊಂದು ಇರುತ್ತದೆ ಎಂದು ನಾನು ಹೇಳುತ್ತಿದ್ದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನೆಂಬುದನ್ನೂ ಇಲ್ಲಿ ಸೇರಿಸಿ ಹೇಳುತ್ತಿದ್ದೆ. ಗಣಿತ ಕನ್ನಡಕ್ಕೆ ಒಗ್ಗುವುದಿಲ್ಲವೆನ್ನುವವರ ಮುಂದೆ ಆ ಹೆಸರನ್ನು ಇಡುವುದು ನನಗೊಂದು ಚಟವಾಗಿತ್ತು.

ಮೊದಲಿನ ಲೆಕ್ಕ ಅರ್ಥವಾದ ಮೇಲೆ ಎರಡನೆಯದನ್ನು ಹಾಕುತ್ತಿದ್ದೆ. ಬಸ್ಸು ಗದಗಿನಿಂದ ಹೋಗುವಾಗ ರಸ್ತೆ ಕೆಟ್ಟು ತಾಸಿಗೆ 20 ಕಿ.ಮೀ. ವೇಗದಲ್ಲಿ ಹೋಯಿತು. ಹೋಗಿಬರುವ ಒಟ್ಟು ಪ್ರಯಾಣದ ಸರಾಸರಿ 40 ಆಗಬೇಕಾದರೆ ಬರುವಾಗ ಎಷ್ಟು ವೇಗದಲ್ಲಿ ಬರಬೇಕು? ಜಾಣರು "ಅರವತ್ತು" ಎನ್ನುತ್ತಿದ್ದರು. ಬಹಳ ಜಾಣರು "ನೂರು, ನೂರಿಪ್ಪತ್ತು" ಎಂದು ಏರಿಸುತ್ತ ಹೋಗುತ್ತಿದ್ದರು. ಸರಿಯಾದ ಉತ್ತರ: ಸಾಧ್ಯವೇ ಇಲ್ಲ. 80 ಕಿ.ಮೀ. ಪ್ರಯಾಣಕ್ಕೆ ಸರಾಸರಿ 40 ಬೇಕೆಂದರೆ ಒಟ್ಟು ಎರಡು ತಾಸು ಮಾತ್ರ ಇದೆ. ಆ ಎರಡೂ ತಾಸುಗಳು ಹೋಗುವಾಗಲೇ ಖರ್ಚಾಗಿವೆ. ಬರುವುದಕ್ಕೆ ಒಂದು ಕ್ಷಣವೂ ಉಳಿದಿಲ್ಲ. ವಿಮಾನ ತಂದರೂ ಆಗದು, ಹನುಮಂತನೇ ಬಂದರೂ ಆಗದು. ಇದೇ ಜಾತಿಯ ಒಗಟನ್ನು ಮಾಕ್ಸ್ ವರ್ಥೈಮರ್ ಎಂಬ ಮನೋವಿಜ್ಞಾನಿ 1934ರಲ್ಲಿ ಐನ್‌ಸ್ಟೈನ್‌ ಅವರಿಗೆ ಕಳಿಸಿದ್ದರು. ಹಳೆಯ ಕಾರೊಂದು ಗುಡ್ಡ ಹತ್ತಿ ಇಳಿಯುವ ಲೆಕ್ಕ ಅದು. ಲೆಕ್ಕ ಹಾಕಿ ನೋಡುವ ತನಕ ಇಳಿಯಲು ಹೊತ್ತೇ ಉಳಿದಿಲ್ಲವೆಂಬುದು ತಮಗೆ ಹೊಳೆಯಲಿಲ್ಲವೆಂದು ಅವರು ಉತ್ತರ ಬರೆದರಂತೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರಿಗೆ ಆಗುತ್ತಿದ್ದ ಸಮಾಧಾನ ನೋಡುವಂತಿರುತ್ತಿತ್ತು.

ನಿಲುಗಡೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬ ಪ್ರಶ್ನೆ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು. ಹಿಡಿಯಲೇಬೇಕು. ಮುಳಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಆ ಹತ್ತು ನಿಮಿಷವೂ ಪ್ರಯಾಣದ್ದೇ. 2023ರ ಜೂನ್ 27ರಂದು ಧಾರವಾಡ ಮತ್ತು ಬೆಂಗಳೂರುಗಳ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ತಾಸಿಗೆ 160 ಕಿ.ಮೀ. ಓಡಬಲ್ಲ ಗಾಡಿ ಎಂದು ಎಲ್ಲರೂ ಕೊಂಡಾಡಿದರು. ದೂರ ಸುಮಾರು 490 ಕಿ.ಮೀ.; ಆರಂಭದ ವೇಳಾಪಟ್ಟಿಯಂತೆ ಹಿಡಿದ ಹೊತ್ತು ಸುಮಾರು ಆರೂವರೆ ತಾಸು. ಭಾಗಿಸಿ ನೋಡಿರಿ, 75ರ ಆಸುಪಾಸು ಬರುತ್ತದೆ. ಗಾಡಿಯ ಶಕ್ತಿ ಬೇರೆ, ಹಾದಿ ಕೊಡುವ ವೇಗ ಬೇರೆ.

ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಹೋಗುವಾಗ 26 ಕಿ.ಮೀ. ದೂರದಲ್ಲಿ ಮಾಗಡಿ ಸಿಗುತ್ತದೆ. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗಳ ಮೈಗೆ ಸಣ್ಣ ಯಂತ್ರ ಕಟ್ಟಿ ಅಭ್ಯಾಸ ಮಾಡಿದ ವಿಜ್ಞಾನಿಗಳು, ಇವು ಹಿಮಾಲಯವನ್ನು ಎಂಟು ತಾಸಿನಷ್ಟರಲ್ಲಿಯೇ ಏರಿ ದಾಟಬಲ್ಲವೆಂದು 2011ರಲ್ಲಿ ಪ್ರಕಟಿಸಿದರು. ಎಂಥ ವೇಗ! ಆದರೆ ಅವು ದಾರಿಯಲ್ಲಿ ಕೆರೆಗಳಲ್ಲಿ ಇಳಿದು ದಿನಗಟ್ಟಲೆ ತಂಗುತ್ತವೆ. ಒಂದು ಹಕ್ಕಿ 4,000 ಕಿ.ಮೀ. ಹಾದಿಯನ್ನು ತಂಗುತ್ತ ತಂಗುತ್ತ ಎರಡು ತಿಂಗಳಲ್ಲಿ ಮುಗಿಸಿತೆಂದು ಹಿಡಿಯೋಣ. 60 ದಿನವೆಂದರೆ 1,440 ತಾಸು. ಸರಾಸರಿ ವೇಗ ತಾಸಿಗೆ 3 ಕಿ.ಮೀ.ಗಿಂತಲೂ ಕಡಿಮೆ. ಅಂದರೆ ಒಳ್ಳೆಯ ಎತ್ತು ಕಟ್ಟಿದ ಚಕ್ಕಡಿಗಿಂತ ಹಿಂದೆ!

ಚಕ್ಕಡಿಯ ಮಾತು ಬಂದಿತಾದ್ದರಿಂದ ಇನ್ನು ಆ ರಾತ್ರಿಯ ಪ್ರಯಾಣವನ್ನು ಹೇಳುತ್ತೇನೆ.

ಗದಗಿಗೆ 1884ರಲ್ಲಿಯೇ ರೈಲು ಬಂದಿತು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಗೆ ಬರಲಿಲ್ಲ. ಈ ಮೂರು ಊರುಗಳಿಗೆ ರಸ್ತೆಯೇ ಗತಿ. ಈ ಊರುಗಳ ಸುತ್ತಲಿನ ಎಷ್ಟೋ ಹಳ್ಳಿಗಳಿಗೆ ಆ ಕಾಲದಲ್ಲಿ ರಸ್ತೆಯೂ ಇರಲಿಲ್ಲ, ಚಕ್ಕಡಿಯ ದಾರಿ ಇತ್ತು. ನಮ್ಮ ಹಳ್ಳಿ ಶಿರಹಟ್ಟಿ ಕಡೆಯ ಎರೆಸೀಮೆಯದು. ಡಾಂಬರು ರಸ್ತೆಗೆ 8 ಕಿ.ಮೀ., ಅಲ್ಲಿಂದ ಗದಗಿಗೆ 30 ಕಿ.ಮೀ. ಎರೆಮಣ್ಣಿನ ಗುಣ ನಿಮಗೆಲ್ಲ ಗೊತ್ತೇ ಇದೆ. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿಯುತ್ತದೆ, ಮಳೆ ಬಿದ್ದರೆ ಗಾಲಿಯನ್ನು ಹಿಡಿದುಕೊಂಡು ಬಿಡುವುದಿಲ್ಲ.

1983ರ ಶ್ರಾವಣ. ಮೂರು ದಿನದಿಂದ ಮಳೆ ಹಿಡಿದಿತ್ತು. ರಜೆಯ ಮೇಲೆ ಊರಿಗೆ ಹೋಗಿದ್ದೆ. ನನ್ನ ಅಣ್ಣನ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುತ್ತಿದ್ದವರು, ದಿನ ತುಂಬಿದ ಬಸುರಿ. ಅದು ಎರಡನೆಯ ಹೆರಿಗೆ. ಸಂಜೆ ಬೇನೆ ಆರಂಭವಾಯಿತು. ಸೂಲಗಿತ್ತಿ ಅಜ್ಜಿ ಕೈಯಾಡಿಸಿ ನೋಡಿ, "ಕೂಸು ಅಡ್ಡ ಆಗೇತಿ, ನನ್ನ ಕೈಲೆ ಆಗೂದಲ್ಲ, ಗದಗಕ ಒಯ್ರಿ" ಎಂದಳು. ನಲವತ್ತು ವರ್ಷ ಹೆರಿಗೆ ಮಾಡಿಸಿದ ಆಕೆ ಹಾಗೆ ಹೇಳಿದ್ದನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ತಾಡಪತ್ರಿ ಕಟ್ಟಿ, ಕಂದೀಲು ಹಿಡಿದು ಹೊರಟಾಗ ನನ್ನ ಎಚ್.ಎಂ.ಟಿ. ಗಡಿಯಾರದಲ್ಲಿ 8 ಗಂಟೆ 20 ನಿಮಿಷ. ಹೊತ್ತು ನೋಡಿಕೊಳ್ಳುವುದು ನನ್ನ ಹುಟ್ಟು ಸ್ವಭಾವ. ದಿನಚರಿಯಲ್ಲಿ ಬರೆದಿಡುವುದೂ ಅಭ್ಯಾಸ. ಸೋದರಳಿಯನೊಬ್ಬನನ್ನು ಮುಂದೆ ಓಡಿಸಿದೆವು. ನಮ್ಮ ಓಣಿಯವರೇ ಆದ ಒಬ್ಬರು ಬಾಡಿಗೆಯ ಜೀಪು ಇಟ್ಟಿದ್ದರು. ಓಣಿಯ ಹುಡುಗರಿಗೆಲ್ಲ ಅವರು 'ಜೀಪಿನ ಕಾಕಾ'. ಮಳೆಗಾಲದಲ್ಲಿ ಜೀಪು ಊರೊಳಗೆ ಬರುತ್ತಿರಲಿಲ್ಲವಾದ್ದರಿಂದ ರಸ್ತೆಯ ಬದಿಯ ಊರಿನಲ್ಲಿಯೇ ಅದನ್ನು ನಿಲ್ಲಿಸಿಕೊಂಡು ಅವರೂ ಅಲ್ಲಿಯೇ ಮಲಗುತ್ತಿದ್ದರು. ಅಂದು ಅವರು ಶಿರಹಟ್ಟಿಗೆ ಬಾಡಿಗೆ ಹೋಗಿದ್ದರು.

ಆ 8 ಕಿ.ಮೀ. ಹಾದಿಯನ್ನು ವಿಸ್ತಾರವಾಗಿ ವರ್ಣಿಸಲು ನನ್ನಿಂದ ಆಗದು. ಹತ್ತು ಮಾರಿಗೊಮ್ಮೆ ಗಾಲಿ ಹೂಳುತ್ತಿತ್ತು. ನಾಲ್ವರು ಇಳಿದು ಭುಜ ಕೊಟ್ಟು ದೂಡುತ್ತಿದ್ದೆವು. ಎತ್ತುಗಳು ಮೊಣಕಾಲೂರಿದವು. ಅಣ್ಣ ಎಂದೂ ಎತ್ತಿನ ಮೇಲೆ ಬಾರುಕೋಲು ಎತ್ತಿದವನಲ್ಲ, ಅಂದು ಎತ್ತಿದ. ಒಳಗಿನಿಂದ ವೈನಿಯವರ ನರಳುವಿಕೆ ಕೇಳುತ್ತಿತ್ತು. ಕೆಲವೊಮ್ಮೆ ಅದೂ ನಿಂತುಹೋಗಿ ಇನ್ನಷ್ಟು ಅಂಜಿಕೆಯಾಗುತ್ತಿತ್ತು. ಡಾಂಬರು ರಸ್ತೆ ಮುಟ್ಟಿದಾಗ 10 ಗಂಟೆ 50 ನಿಮಿಷ. ಜೀಪಿನ ಕಾಕಾ ಸುದ್ದಿ ತಿಳಿದು ಶಿರಹಟ್ಟಿಯಿಂದ ಮರಳಿ ಬಂದಾಗ 11 ಗಂಟೆ 30 ನಿಮಿಷ. ಗದಗಿನ ದವಾಖಾನೆಯ ಬಾಗಿಲಲ್ಲಿ ಇಳಿದಾಗ 12 ಗಂಟೆ 15 ನಿಮಿಷ.

ವೈನಿ ಉಳಿದರು. ಕೂಸು ಉಳಿಯಲಿಲ್ಲ. ಗಂಡು ಕೂಸು. ಡಾಕ್ಟರರು ಹೊರಗೆ ಬಂದು ಅಣ್ಣನ ಹೆಗಲ ಮೇಲೆ ಕೈಯಿಟ್ಟು, "ಒಂದು ತಾಸು ಮೊದಲು ತಂದಿದ್ದರೆ..." ಎಂದಷ್ಟೇ ಹೇಳಿ ಮಾತು ನಿಲ್ಲಿಸಿದರು.

ಆ ಒಂದು ತಾಸು ಅಣ್ಣನ ತಲೆಯೊಳಗೆ ಹೊಕ್ಕು ಕುಳಿತಿತು. ದುಃಖಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ಮಳೆಯನ್ನು ಬೈದರೆ ಮಳೆಗೆ ಕೇಳಿಸುವುದಿಲ್ಲ, ಮಣ್ಣನ್ನು ಬೈಯಲು ಒಕ್ಕಲಿಗನಿಗೆ ಬಾಯಿ ಬರುವುದಿಲ್ಲ. ಜೀಪು ದಾರಿಯಲ್ಲಿ ಕೆಲವು ಕಡೆ ಬಹಳ ನಿಧಾನವಾಗಿ ಹೋಗಿದ್ದು ಅಣ್ಣನಿಗೆ ನೆನಪಿತ್ತು. "ಅಂವ ಜೋರು ಹೊಡದಿದ್ರ ನನ್ನ ಕೂಸು ಉಳೀತಿತ್ತು" ಎಂದು ಒಮ್ಮೆ ಹೇಳಿದ. ಆಮೇಲೆ ಅದೇ ಮಾತು ಮನೆಯಲ್ಲಿ ಸತ್ಯವಾಗಿ ನೆಲೆಸಿತು. ಓಣಿಯಲ್ಲಿ ನಾಲ್ಕು ಮನೆಯಾಚೆ ಇದ್ದ ಜೀಪಿನ ಕಾಕಾನ ಜೊತೆ ಮಾತು ನಿಂತಿತು. ಅವರ ಮನೆಯ ಮದುವೆಗೆ ನಮ್ಮವರು ಹೋಗಲಿಲ್ಲ. ನಮ್ಮ ಅಪ್ಪ ತೀರಿಕೊಂಡಾಗ ಅವರು ಬಂದು ದೂರ ನಿಂತು, ಮಣ್ಣು ಕೊಟ್ಟು, ಒಂದು ಮಾತಾಡದೆ ಹೋದರು. ಹನ್ನೊಂದು ವರ್ಷ ಹೀಗೆ ನಡೆಯಿತು. ಒಮ್ಮೆ ಗದಗಿನ ಬಸ್ ನಿಲ್ದಾಣದಲ್ಲಿ ಅವರು ನನಗೆ ಸಿಕ್ಕಿದ್ದರು. ಚಹಾ ಕುಡಿಯುತ್ತ, ನಾನು ಕೇಳದೆಯೇ, "ತಗ್ಗಿನ್ಯಾಗ ಗಾಲಿ ಬಿದ್ದಾಗೊಮ್ಮೆ ತಂಗಿ ಒದರೂದು ಕೇಳಿ ನನ್ನ ಕಾಲು ತಾನ ಬ್ರೇಕಿನ ಮ್ಯಾಲೆ ಹೋಗ್ತಿತ್ತು, ಮಾಸ್ತರ" ಎಂದರು. ಬೇರೆ ಏನೂ ಹೇಳಲಿಲ್ಲ, ಚಹಾದ ದುಡ್ಡನ್ನೂ ನನಗೆ ಕೊಡಗೊಡಲಿಲ್ಲ.

ಅಣ್ಣನ ಮುಂದೆ ಎರಡು ಬಾರಿ ಲೆಕ್ಕ ತೆಗೆದಿದ್ದೆ. ಎರಡು ಸಲವೂ ಅವನು ಊಟ ಬಿಟ್ಟು ಎದ್ದ. "ನಿನ್ನ ಲೆಕ್ಕ ಸಾಲ್ಯಾಗ ಇಟಗೋ" ಎಂದ.

1994ರಲ್ಲಿ ಅವನ ಹಿರಿಯ ಮಗಳು ನಮ್ಮ ಮನೆಯಲ್ಲಿದ್ದು ಮುಂಡರಗಿಯಲ್ಲಿ ಏಳನೆಯ ಇಯತ್ತೆ ಓದುತ್ತಿದ್ದಳು. ದಸರೆಗೆ ಅವಳನ್ನು ಊರಿಗೆ ಕರೆದೊಯ್ಯಲು ಅಣ್ಣ ಬಂದಿದ್ದ. ಅವಳು ಪಡಸಾಲೆಯಲ್ಲಿ ಕುಳಿತು ಇದೇ ಬಸ್ಸಿನ ಲೆಕ್ಕವನ್ನು ಮಾಡುತ್ತಿದ್ದಳು. ಮೂವತ್ತು ಎಂದು ಬರೆದು, ನಾನು ಅಲ್ಲವೆಂದಾಗ ಅಪ್ಪನ ಮುಖ ನೋಡಿದಳು. ಅಣ್ಣ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಮಗ್ಗಿ, ಕೋಷ್ಟಕಗಳೆಲ್ಲ ಬಾಯಲ್ಲಿದ್ದವು. ಲೆಕ್ಕ ಕೇಳಿಸಿಕೊಂಡ ಕೂಡಲೇ, "ವೇಗ ಯಾಕ ಕೂಡಸ್ತೀಯವ್ವಾ? ಹಾದಿ ಕೂಡಸು, ಹೊತ್ತು ಕೂಡಸು" ಎಂದ. ಬಿ.ಎಸ್‌ಸಿ., ಬಿ.ಎಡ್. ಮಾಡಿದ ನಾನು ಹದಿನೈದು ವರ್ಷದಿಂದ ಹುಡುಕುತ್ತಿದ್ದ ಮಾತು ಅದು. ಚಕ್ಕಡಿ ಹೊಡೆದವನಿಗೆ ಅದು ಸಹಜವಾಗಿ ಬಂದಿತ್ತು. ಎತ್ತಿನ ಜೊತೆ ಬಾಳಿದವರು ದೂರವನ್ನು ಹೊತ್ತಿನಿಂದಲೇ ಅಳೆಯುತ್ತಾರೆ.

ಹುಡುಗಿ ಉತ್ತರ ಬರೆದು ಒಳಗೆ ಹೋದಳು. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ನೋಡದೆ, "ಆವತ್ತ ನೀ ಗಡಿಯಾರ ನೋಡಿದ್ದೆಲ್ಲ?" ಎಂದ.

1983ರ ದಿನಚರಿಯನ್ನು ತೆಗೆದುಕೊಟ್ಟೆ. ಅವನು ಕನ್ನಡಕ ಏರಿಸಿಕೊಂಡು ನಾಲ್ಕು ಹೊತ್ತುಗಳನ್ನು ಓದಿದ. ಬೆರಳ ಗೆಣ್ಣುಗಳ ಮೇಲೆ ಎಣಿಸಿದ. ಚಕ್ಕಡಿ ಎರಡೂವರೆ ತಾಸು. ಕಾದದ್ದು 40 ನಿಮಿಷ. ಜೀಪು 45 ನಿಮಿಷ. ಒಟ್ಟು ನಾಲ್ಕು ತಾಸಿಗೆ ಐದು ನಿಮಿಷ ಕಡಿಮೆ. ಹಾದಿ 38 ಕಿ.ಮೀ. ಒಟ್ಟು ಪ್ರಯಾಣದ ಸರಾಸರಿ ತಾಸಿಗೆ 10 ಕಿ.ಮೀ. ಕೂಡ ಬರುವುದಿಲ್ಲ. ಜೀಪಿನ ಕಾಕಾ ತಾಸಿಗೆ 40ರಂತೆ ಬಂದಿದ್ದರು. ರಾತ್ರಿ, ಮಳೆ, ತಗ್ಗು, ಒಳಗೆ ಬಾಣಂತನದ ಬೇನೆ ತಿನ್ನುತ್ತಿರುವ ಹೆಣ್ಣುಮಗಳು. ಪ್ರಾಣದ ಹಂಗು ತೊರೆದು 60ರಲ್ಲಿ ಹೊಡೆದಿದ್ದರೆ 15 ನಿಮಿಷ ಉಳಿಯುತ್ತಿತ್ತು. 80ರಲ್ಲಿ ಹೊಡೆದಿದ್ದರೆ 22 ನಿಮಿಷ.

ಡಾಕ್ಟರರು ಹೇಳಿದ್ದು ಒಂದು ತಾಸು.

"ಅಂದ್ರ," ಎಂದ ಅಣ್ಣ, "ಜೀಪು ಹಾರಿಕೊಂಡು ಹೋಗಿ ಕಣ್ಣು ಮುಚ್ಚಿ ತೆಗಿಯೂದ್ರಾಗ ಗದಗ ಮುಟ್ಟಿದ್ರೂ ಮುಕ್ಕಾಲು ತಾಸು..." ಮಾತು ಅಲ್ಲಿಗೇ ನಿಂತಿತು. ಇದ್ದುದೇ ಮುಕ್ಕಾಲು ತಾಸು. ಅದರಲ್ಲಿ ಒಂದು ತಾಸನ್ನು ಉಳಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಬದಲಿಗೆ ಆ 8 ಕಿ.ಮೀ. ಹಾದಿ ಬರಿಯ ಮರಮಣ್ಣಿನದಾಗಿದ್ದು, ಜೀಪು ಊರೊಳಗೆ ಬಂದು, ತಾಸಿಗೆ 20ರಂತೆ ಹೋಗಿದ್ದರೂ 24 ನಿಮಿಷದಲ್ಲಿ ದಾಟಿಬಿಡುತ್ತಿತ್ತು. ಎರಡು ತಾಸಿಗಿಂತ ಹೆಚ್ಚು ಉಳಿಯುತ್ತಿತ್ತು. ಇದನ್ನು ನಾನು ಹೇಳಲಿಲ್ಲ. ಅವನ ಬೆರಳು ಗೆಣ್ಣುಗಳ ಮೇಲೆ ಆಡುತ್ತಿದ್ದುದನ್ನು ನೋಡುತ್ತಿದ್ದೆ.

ಆ ವರ್ಷ ಬನ್ನಿ ಹಬ್ಬಕ್ಕೆ ನಾನೂ ಊರಿಗೆ ಹೋದೆ. ಸಂಜೆ ಬನ್ನಿ ಮುಡಿದು ಬಂದ ಮೇಲೆ ಮನೆಮನೆಗೆ ಹೋಗಿ ಕೊಡುವ ಪದ್ಧತಿ ನಿಮಗೆ ತಿಳಿದದ್ದೇ. ಅಣ್ಣ ಹಿರಿಯರಿಗೆ, ದೇವರಿಗೆ ಕೊಟ್ಟು ಹೊರಬಿದ್ದವನು ನಾಲ್ಕು ಮನೆ ದಾಟಿ ಜೀಪಿನ ಕಾಕಾನ ಕಟ್ಟೆಯ ಮುಂದೆ ನಿಂತ. ಅವರು ಹೊರಸಿನ ಮೇಲೆ ಕುಳಿತಿದ್ದವರು ಎದ್ದು ನಿಂತರು. ಅಣ್ಣ ಎಲೆಯನ್ನು ಅವರ ಕೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಬಗ್ಗಿ ಕಾಲು ಮುಟ್ಟಿದ. ಕಾಕಾ ಮೊದಲು ಎಲೆಯನ್ನು ನೋಡಿದರು, ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟರು. ಇಬ್ಬರೂ ಲೆಕ್ಕದ ಮಾತನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವೈನಿ ಸೆರಗಿನಲ್ಲಿ ಬನ್ನಿ ಕಟ್ಟಿಕೊಂಡು ಅದೇ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಹೋದದ್ದನ್ನು ಕಂಡೆ. ಅವರು ಆ ಹನ್ನೊಂದು ವರ್ಷ ಜೀಪಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮರುವರ್ಷ ಊರಿನವರು ರಸ್ತೆಗಾಗಿ ಅರ್ಜಿ ಬರೆದರು. ಬರೆದುಕೊಟ್ಟವನು ನಾನು. ಅಲಂಕಾರದ ಮಾತು ಬೇಡವೆಂದು ಅಣ್ಣ ಹೇಳಿದ್ದರಿಂದ, ಮಳೆಗಾಲದಲ್ಲಿ 8 ಕಿ.ಮೀ. ದಾರಿಗೆ ಎರಡೂವರೆ ತಾಸು ಬೇಕಾಗುತ್ತದೆ, ಮುಂದಿನ 30 ಕಿ.ಮೀ.ಗೆ 45 ನಿಮಿಷ ಸಾಕು ಎಂದು ಬರೆದೆ. ಮೊದಲ ಸಹಿ ಅಣ್ಣನದು, ಎರಡನೆಯದು ಜೀಪಿನ ಕಾಕಾನದು. ರಸ್ತೆ ಆ ವರ್ಷವೇ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ, 2004ರಲ್ಲಿ, ನಮ್ಮ ಊರಿಗೆ ಡಾಂಬರು ಬಂದಿತು. ಹೆದ್ದಾರಿಗಳ ಉದ್ಘಾಟನೆಗೆ ಜನ ಸೇರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನನಗೆ ಮಾತ್ರ ಆ ಹಳ್ಳಿಯ ಸಣ್ಣ ರಸ್ತೆಗಳೇ ದೊಡ್ಡ ಕೆಲಸವೆನಿಸುತ್ತವೆ. ತಾಸಿಗೆ 80ರಲ್ಲಿ ಓಡುವವನನ್ನು 100ರಲ್ಲಿ ಓಡಿಸುವುದಕ್ಕಿಂತ, ತಾಸಿಗೆ ಮೂರರಲ್ಲಿ ತೆವಳುವವನನ್ನು ಇಪ್ಪತ್ತಕ್ಕೆ ತರುವುದರಿಂದ ಹೆಚ್ಚು ಹೊತ್ತು ಉಳಿಯುತ್ತದೆ. 2008ರ ನವೆಂಬರಿನಲ್ಲಿ 108ರ ಆಂಬ್ಯುಲೆನ್ಸ್ ಸೇವೆ ರಾಜ್ಯದಲ್ಲಿ ಆರಂಭವಾಯಿತು. ಅದು ನಮ್ಮ ಮನೆಯ ಬಾಗಿಲ ಮುಂದೆ ಬಂದು ನಿಲ್ಲುವುದನ್ನು ಅಣ್ಣ ಕಂಡ. ಬಂದದ್ದು ಅವನಿಗಾಗಿಯೇ. ಚಾಲಕನಿಗೆ, "ಸಾವಕಾಶ ಹೊಡಿಯಪ್ಪಾ, ರಸ್ತೆ ಛಲೋ ಐತಿ" ಎಂದನಂತೆ.

ಬಹಳ ಜನ ಹಳೆಯ ವಿದ್ಯಾರ್ಥಿಗಳು ಈಗ ಕಾರು, ಮೋಟಾರ್ ಸೈಕಲ್ಲುಗಳಲ್ಲಿ ಈ ಹಾದಿಗಳಲ್ಲಿ ಓಡಾಡುತ್ತೀರಿ. ಗದಗಿನಿಂದ ಮುಂಡರಗಿಗೆ ಹೋಗುವಾಗ ಡಂಬಳದ ಕೆರೆಯ ಹತ್ತಿರ ನನ್ನನ್ನು ಹಿಂದೆ ಹಾಕಿ, ಕೈಯೆತ್ತಿ ನಮಸ್ಕರಿಸಿ, ಬಾಣದಂತೆ ಹೋಗುವವರೂ ಇದ್ದೀರಿ. 40 ಕಿ.ಮೀ.ಗೆ, ತಾಸಿಗೆ 40ರಂತೆ ಹೋದರೆ 60 ನಿಮಿಷ, 60ರಂತೆ ಹೋದರೆ 40 ನಿಮಿಷ, 80ರಂತೆ 30, 100ರಂತೆ 24. ಮೊದಲ ಇಪ್ಪತ್ತು ಏರಿಸಿದಾಗ 20 ನಿಮಿಷ ಸಿಕ್ಕಿತು, ಎರಡನೆಯ ಇಪ್ಪತ್ತಕ್ಕೆ 10, ಮೂರನೆಯ ಇಪ್ಪತ್ತಕ್ಕೆ 6. ಅಪಾಯ ಮಾತ್ರ ಹೀಗೆ ಇಳಿಯುತ್ತ ಬರುವುದಿಲ್ಲ, ಏರುತ್ತ ಹೋಗುತ್ತದೆ. ಆ 6 ನಿಮಿಷಗಳನ್ನು ಉಳಿಸಿ ಮುಂಡರಗಿಯಲ್ಲಿ ಏನು ಮಾಡುತ್ತೀರೆಂದು ಕೇಳಿದರೆ ಚಹಾ ಕುಡಿಯುತ್ತೇವೆ ಎನ್ನುತ್ತೀರಿ. ನನ್ನ ಮನೆಗೆ ಬನ್ನಿರಿ, ಆರು ನಿಮಿಷ ತಡವಾಗಿ ಬಂದರೂ ಚಹಾ ಸಿಗುತ್ತದೆ.

ಕೊನೆಗೆ ರೂಢಿಯಂತೆ ಮನೆಗೆಲಸ. ಇಬ್ಬರು ಗೆಳೆಯರು ಗದಗಿನಿಂದ ಮುಂಡರಗಿಗೆ ಒಟ್ಟಿಗೆ ಹೊರಡುತ್ತಾರೆ. ಮೊದಲನೆಯವನು ಅರ್ಧ ದೂರವನ್ನು ತಾಸಿಗೆ 30 ಕಿ.ಮೀ.ಯಂತೆಯೂ ಉಳಿದ ಅರ್ಧ ದೂರವನ್ನು 60 ಕಿ.ಮೀ.ಯಂತೆಯೂ ಹೋಗುತ್ತಾನೆ. ಎರಡನೆಯವನು ತಾನು ತೆಗೆದುಕೊಂಡ ಒಟ್ಟು ಹೊತ್ತಿನ ಅರ್ಧದಲ್ಲಿ 30ರಂತೆಯೂ ಉಳಿದ ಅರ್ಧದಲ್ಲಿ 60ರಂತೆಯೂ ಹೋಗುತ್ತಾನೆ. ಯಾರು ಮೊದಲು ಮುಟ್ಟುತ್ತಾರೆ, ಎಷ್ಟು ನಿಮಿಷ ಮೊದಲು? ಉತ್ತರದಲ್ಲಿ ಚಿಲ್ಲರೆ ಬಂದರೆ ಗಾಬರಿಯಾಗಬೇಡಿರಿ.